ಕಾಶಕ್ಕನಿಗೊಬ್ಬ ಬದಲಿ

ನಮ್ಮೂರಿನ ಸೇತುವೆಗೆ ಮಾತು ಬೇಕು. ಹಗಲಿಡೀ ಯಾರಾದರೊಬ್ಬರು ಅದರ ಕಂಬಿಯ ಮೇಲೆ ಕೈಯಿಟ್ಟು ಮಾತಾಡುತ್ತಿದ್ದರೆ ಅದು ನೀರಿನಿಂದ ಮೇಲೆ ನೆಟ್ಟಗೆ ನಿಂತಿರುತ್ತದೆ. ಬಸ್ಸು ದಾಟುತ್ತದೆ, ಮಕ್ಕಳು ಆಚೆ ದಂಡೆಯ ಶಾಲೆಗೆ ಹೋಗುತ್ತಾರೆ, ಈಚೆಯ ಹಾಲು ಆಚೆಯ ಡೇರಿಗೆ ಹೋಗುತ್ತದೆ. ಮಾತು ನಿಂತರೆ ಸೇತುವೆ ತಗ್ಗುತ್ತದೆ. ಹೇಳಿದ್ದನ್ನೇ ಹೇಳಿದರೂ ತಗ್ಗುತ್ತದೆ. ಕೂಲಿ ಕೊಟ್ಟು ಕರೆತಂದವರ ಮಾತನ್ನಂತೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ತಾವಾಗಿ ಬಂದವರ ಮಾತೇ ಆಗಬೇಕು. ದೀಪ ಹಚ್ಚುವ ಹೊತ್ತಿಗೆ ಅದಕ್ಕೂ ನಿದ್ದೆ, ಇದ್ದ ಎತ್ತರದಲ್ಲೇ ಮಲಗಿಬಿಡುತ್ತದೆ. ಪರವೂರಿನಿಂದ ಬಂದವರು ಇದು ಯಾಕೆ ಹೀಗೆ ಎಂದು ಕೇಳುತ್ತಾರೆ. ನಿಮ್ಮೂರಿನ ಸೇತುವೆ ಯಾಕೆ ಅಷ್ಟು ಕಿವುಡು ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ನಾನು ದುರ್ಗಪ್ಪ. ಸೇತುವೆಯ ಈಚೆ ತುದಿಯಲ್ಲಿ ಸೈಕಲ್ ಪಂಚರ್ ಅಂಗಡಿ ಇಟ್ಟುಕೊಂಡವನು, ಮಧ್ಯಾಹ್ನದ ಪಾಳಿಯಲ್ಲಿ ಸೇತುವೆಗೆ ಮಾತಾಡುವವನು. ನನ್ನ ಹಿಂದೆ ಮುಂದೆ ಇನ್ನೂ ಹತ್ತಾರು ಜನ ಇದ್ದಾರೆ. ತಾಯವ್ವಜ್ಜಿ ಬೆಳಗಿನ ಪಾಳಿಯವಳು, ತನ್ನ ಎಮ್ಮೆಯ ಹಟಮಾರಿತನವನ್ನು ದಿನಕ್ಕೊಂದು ಬಗೆಯಲ್ಲಿ ಹೇಳುತ್ತಾಳೆ. ಗಾದಿ ತುಂಬುವ ಮೌಲಾಸಾಬ ಯಾರ ಮನೆಯ ಗಾದಿಯೊಳಗೆ ಏನೇನು ಸಿಕ್ಕಿತೆಂದು ಹೇಳುತ್ತಾನೆ. ಅವನ ಪಾಳಿ ಮುಗಿಯುವಷ್ಟರಲ್ಲಿ ಸೇತುವೆ ಕುತೂಹಲದಿಂದ ಒಂದು ಗೇಣು ಹೆಚ್ಚೇ ಎದ್ದಿರುತ್ತದೆ. ಅವನ ನಂತರ ನಿವೃತ್ತ ಪದಕಿ ಮಾಸ್ತರರು ಬಂದು ರಾಜವಂಶಗಳನ್ನು ಶುರುಮಾಡುತ್ತಾರೆ. ಅವರ ಪಾಳಿಯಲ್ಲಿ ಬಸ್ಸಿನ ಡ್ರೈವರು ಸ್ವಲ್ಪ ಬೇಗ ಬೇಗ ದಾಟುತ್ತಾನೆ.

ಇಂಥ ನಮ್ಮನ್ನೆಲ್ಲ ಸೇತುವೆಗೆ ತಂದು ನಿಲ್ಲಿಸುತ್ತಿದ್ದವಳು ಕಾಶಕ್ಕ. ಸೇತುವೆಯ ಬಾಯಲ್ಲೊಂದು ತಗಡಿನ ಚೌಕಿ, ಚೌಕಿಯೊಳಗೊಂದು ಸ್ಟೂಲು, ಸ್ಟೂಲಿನ ಮೇಲೆ ಕಾಶಕ್ಕ. ಊರು ತಿಳಿದದ್ದು ಇಷ್ಟೇ. ನಿಜ ಹೇಳಬೇಕೆಂದರೆ ಆ ಸ್ಟೂಲಿಗೆ ಆಕೆಯ ಪರಿಚಯವೇ ಸರಿಯಾಗಿ ಆಗಿರಲಿಲ್ಲ. ಬೆಳಕು ಹರಿಯುವ ಮೊದಲೇ ಸೆರಗು ಬಿಗಿದುಕೊಂಡು ಓಣಿ ಓಣಿ ತಿರುಗುತ್ತಿದ್ದಳು. ಯಾರಿಗೆ ಕೆಮ್ಮು, ಯಾರ ಮನೆಗೆ ಬೀಗರು ಬಂದಿದ್ದಾರೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಎಲ್ಲ ಆಕೆಗೆ ಗೊತ್ತಿರಬೇಕಿತ್ತು. "ಖರೇನ ಬರ್ತೀನಿ ಅಕ್ಕಾ" ಎಂದವರು ಬರುವುದಿಲ್ಲ, "ನೋಡೂಣು" ಎಂದು ಗೊಣಗಿದವರು ಬರುತ್ತಾರೆ, ಇದು ಆಕೆಯ ಲೆಕ್ಕ. ಕೆಲವರನ್ನು ನಾಲ್ಕು ಜನರೆದುರು ಹೊಗಳಬೇಕು. ಕೆಲವರನ್ನು ಹೊಗಳಿದರೆ ನಾಚಿ ಮರುದಿನ ಬರುವುದನ್ನೇ ಬಿಡುತ್ತಾರೆ. ಅಂಥವರಿಗೆ ಕೈಯಲ್ಲಿ ಒಂದು ಲೋಟ ಚಹಾ ಇಟ್ಟು ಸುಮ್ಮನಿರಬೇಕು. ತಾಯವ್ವಜ್ಜಿಯನ್ನು ಮಾಸ್ತರರ ಹತ್ತಿರ ಬಿಡಬಾರದು, ಅವರು ಆಕೆಯ ಮಾತಿನಲ್ಲಿ ತಪ್ಪು ತೆಗೆಯುತ್ತಾರೆ. ರೋಜಾ ಉಪವಾಸ ಬಂತೆಂದರೆ ಮೌಲಾಸಾಬನ ಬಾಯಿ ಒಣಗುವ ಮೊದಲೇ ಅವನ ಪಾಳಿ ಮುಗಿಯಬೇಕು. ಯಾರೋ ಬಾರದೆ ಹೋದರೆ ಇನ್ಯಾರನ್ನೋ ಊಟದ ತಟ್ಟೆಯ ಮುಂದಿನಿಂದ ಎಬ್ಬಿಸಿ ತರಬೇಕು, ತಂದಮೇಲೆ ಅವರ ಹೆಂಡತಿಯ ಬೈಗುಳ ತಾನೇ ತಿನ್ನಬೇಕು.

ಆಕೆ ಮಾತ್ರ ಒಂದು ದಿನವೂ ಸೇತುವೆಗೆ ಮಾತಾಡಿದವಳಲ್ಲ. ಒಮ್ಮೆ ನಾನೇ ಕೇಳಿದ್ದೆ. "ನನಗ ಮಾತಾಡಾಕ ಬರಂಗಿಲ್ಲೋ ದುರ್ಗಪ್ಪ, ಮಾತಾಡೋರನ್ನ ಕರಿಯಾಕಷ್ಟ ಬರತೈತಿ" ಎಂದು ನಕ್ಕು, ಯಾರನ್ನೋ ಕರೆಯಲು ಹೊರಟೇಬಿಟ್ಟಳು. ವರ್ಷಕ್ಕೊಮ್ಮೆ ಊರಸಭೆಯವರು ನಮಗೆಲ್ಲ ಶಾಲು ಹೊದಿಸುತ್ತಾರೆ. ಅಧ್ಯಕ್ಷ ವಿರೂಪಾಕ್ಷಗೌಡರು ಮೈಕು ಹಿಡಿದು "ನಿಸ್ವಾರ್ಥ ಸ್ವಯಂಸೇವಕರು" ಎನ್ನುತ್ತಾರೆ, ನಾವು ಕುತ್ತಿಗೆ ಬಗ್ಗಿಸುತ್ತೇವೆ, ಚಪ್ಪಾಳೆ ಬೀಳುತ್ತದೆ. ಆ ದಿನ ಕುರ್ಚಿ ಹಾಕಿಸುತ್ತಿದ್ದವಳು ಕಾಶಕ್ಕ, ಶಾಲು ತೆಗೆದುಕೊಳ್ಳಲು ನಮ್ಮನ್ನು ಹೊತ್ತಿಗೆ ಸರಿಯಾಗಿ ತಂದು ನಿಲ್ಲಿಸುತ್ತಿದ್ದವಳೂ ಆಕೆಯೇ. ಆಕೆಗೆಂದು ಒಂದು ಕುರ್ಚಿ ಇದ್ದದ್ದನ್ನು ನಾನು ಕಂಡಿಲ್ಲ.

ಹೀಗಿರುವಾಗ ಕಾಶಕ್ಕನ ಮಗಳು ಸುವರ್ಣಾಳಿಗೆ ದಿನ ತುಂಬಿತು. ಚೊಚ್ಚಲು. ಕೊಟ್ಟದ್ದು ಆಚೆ ದಂಡೆಯ ಹಳ್ಳಿಗೆ. ಅತ್ತೆ ಇಲ್ಲದ ಮನೆ. ತವರಿಗೆ ಕರೆತರೋಣವೆಂದರೆ ಹುಡುಗಿಗೆ ಕಾಲು ಬಾತಿದ್ದವು, ಗಾಡಿಯಲ್ಲಿ ಕುಲುಕಬಾರದು ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದಳು. ಬಾಣಂತನಕ್ಕೆ ತಾಯಿಯೇ ಹೋಗಬೇಕಾಯಿತು. ನಮ್ಮಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ, ಸಾವಾದರೂ, ಜ್ವರ ಬಂದರೂ ಬದಲಿ ಹುಡುಕಿ ಕೊಟ್ಟವಳು ಕಾಶಕ್ಕ. ಈಗ ತನಗೊಬ್ಬ ಬದಲಿ ಬೇಕೆಂದು ಊರಸಭೆಗೆ ಕೇಳಲು ಹೋದಳು. ಬಂದು ಸಾಕ್ಷಿಗೆ ಕೂತಿರು ಎಂದು ನನ್ನನ್ನೂ ಕರೆದುಕೊಂಡು ಹೋದಳು.

ವಿರೂಪಾಕ್ಷಗೌಡರು ಕೆಟ್ಟವರಲ್ಲ. ಕೂತಲ್ಲಿಂದ ಕಾಣುವಷ್ಟನ್ನೇ ನೋಡುವವರು, ಕೂತದ್ದು ಎತ್ತರದ ಕುರ್ಚಿ. ಕಾಶಕ್ಕ ಹೇಳಿದ್ದನ್ನು ಕೇಳಿ ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಬದ್ಲಿ ಯಾಕ ಬೇಕ ನಿನಗ? ಮಾತಾಡೋರು ಅವರು. ನೀ ಏನ್ ಮಾಡ್ತಿ? ಚೌಕ್ಯಾಗ ಕುಂತಿರ್ತಿ. ಕುಂದ್ರೂದಕ್ಕ ಬದ್ಲಿ ಎಲ್ಲಿಂದ ತರೂಣು?" ಎಂದರು. ಸಭೆಯ ಸದಸ್ಯರು ಬಾಯಿತುಂಬ ನಕ್ಕರು. ನಾನು ನಗಲಿಲ್ಲ. ನಕ್ಕಿದ್ದರೆ ಇವತ್ತು ಇದನ್ನು ಹೇಳಲು ನನಗೆ ಮುಖವಿರುತ್ತಿರಲಿಲ್ಲ.

"ಒಬ್ಬಾಕಿನ್ನ ಜೋಡಿ ಕೊಡ್ರಿ ಸಾಹೇಬ್ರ, ಒಂದೀಟು ತೋರಿಸಿಕೊಟ್ಟು ಹೋಗ್ತೀನಿ" ಎಂದು ಕಾಶಕ್ಕ ಮತ್ತೊಮ್ಮೆ ಕೇಳಿದಳು.

"ಅವರು ಸೇವಾ ಮಾಡಾಕ ಬರೋ ಮಂದಿ, ತಾವ ಬರ್ತಾರ. ಕುರಿ ಏನ, ಕಾಯಾಕ ಒಬ್ಬರು ಬೇಕು ಅನ್ನಾಕ? ನೀ ಎಲ್ಲೂ ಹೋಗಬ್ಯಾಡ. ಮಗಳಿಗೆ ಯಾರರ ಮುದುಕೀನ ಇಡು" ಎಂದರು ಗೌಡರು.

ಕಾಶಕ್ಕ ಸೊಂಟದಿಂದ ಚೌಕಿಯ ಕೀಲಿಕೈ ಬಿಚ್ಚಿ ಮೇಜಿನ ಮೇಲೆ ಇಟ್ಟಳು. "ಕುಂದ್ರೂದೊಂದ ಕೆಲಸ ಅಂದ್ರ, ಯಾರರ ಕುಂದರ್ರಿ. ನಾ ನನ್ನ ಮಗಳ ಹಂತ್ಯಾಕ ಹೋಗಾಕಿ" ಎಂದಳು. ಅನುಮತಿ ಕೊಟ್ಟಿಲ್ಲ ಎಂದು ಗೌಡರು ಕೂಗಿದರು. "ಕೇಳಿದ್ದು ಬದ್ಲೀನ್ರಿ, ಅನುಮತಿ ಅಲ್ಲ" ಎಂದು ಬಾಗಿಲ ಹತ್ತಿರ ಹೋಗಿ ಹೇಳಿದಳು. ಅದೇ ಸಂಜೆ ಬಾಣಂತಿಯ ಉಂಡಿಗೆಂದು ಅಂಟು, ಕೊಬ್ಬರಿ, ಉತ್ತತ್ತಿ ಗಂಟುಕಟ್ಟಿಕೊಂಡು ಸೇತುವೆ ದಾಟಿ ಹೋದಳು. ಆಕೆಯ ಬೆನ್ನು ನೋಡುತ್ತ ನಿಂತ ನನಗೆ ನಾಳಿನ ಪಾಳಿಯ ಚಿಂತೆ, ಆದರೂ ಎಂಥದೋ ಖುಷಿ.

ಮರುದಿನ ಬೆಳಿಗ್ಗೆ ಗೌಡರು ಆಟೋಕ್ಕೆ ಮೈಕು ಕಟ್ಟಿಸಿ ಊರತುಂಬ ಸಾರಿಸಿದರು: ಸ್ವಯಂಸೇವಕ ಬಂಧುಗಳೆಲ್ಲ ಈ ಕೂಡಲೇ ಸೇತುವೆಗೆ ಬರಬೇಕು. ನಮ್ಮ ಜನ ಒಳ್ಳೆಯವರು, ಎಲ್ಲರೂ ಬಂದರು. ಪಾಳಿ ಇದ್ದವರು, ಇಲ್ಲದವರು, ಎಂದೂ ಬಾರದವರು, ಹಬ್ಬಕ್ಕೆ ಬಂದ ಅಳಿಯಂದಿರು, ಎಲ್ಲರೂ. ಕಂಬಿಯ ಮೇಲೆ ಕೈಯಿಡಲು ಜಾಗವಿಲ್ಲದಷ್ಟು ಜನ ಒಟ್ಟಿಗೇ ಬಾಯಿಬಿಟ್ಟರು. ಅದಾದರೂ ಹೋಗಲಿ ಎನ್ನಬಹುದಿತ್ತು. ಅಂದು ಊರಲ್ಲಿದ್ದ ಸುದ್ದಿ ಒಂದೇ, ಕಾಶಕ್ಕ ಹೋದಳು ಎಂಬುದು. ಎಲ್ಲರೂ ಅದನ್ನೇ ಹೇಳಿದರು. ಒಬ್ಬ ಹೇಳಿ ಮುಗಿಸಿದ್ದನ್ನು ಪಕ್ಕದವನು ಹೊಸದೆಂಬಂತೆ ಶುರುಮಾಡಿದ. ನಾನೂ ಅದನ್ನೇ ಹೇಳಿದೆ, ಬೇರೆ ಏನೂ ತಲೆಗೆ ಹೊಳೆಯಲಿಲ್ಲ. ನಮ್ಮ ಕಾಲಕೆಳಗೆ ಸೇತುವೆ ಒಮ್ಮೆ ಮೈ ಕೊಡವಿತು. ಆಮೇಲೆ ಮೆಲ್ಲಗೆ ಇಳಿಯತೊಡಗಿತು.

ಹೊಟ್ಟೆ ಚುರುಗುಟ್ಟುವ ಹೊತ್ತಿಗೆ ಒಬ್ಬೊಬ್ಬರೇ ಜಾರಿದರು. ಇಷ್ಟು ಜನ ಇದ್ದಾರಲ್ಲ, ನಾನೊಬ್ಬ ಹೋದರೇನಂತೆ ಎಂದು ಪ್ರತಿಯೊಬ್ಬನೂ ಅಂದುಕೊಂಡ. ಊಟ ಮುಗಿಸಿದವರಿಗೆ ತಮ್ಮ ಪಾಲಿನ ಸೇವೆ ಮುಗಿಯಿತು ಎನ್ನಿಸಿತು. ಎಲ್ಲರಿಗಿಂತ ಮೊದಲೇ ಬಂದಿದ್ದ ತಾಯವ್ವಜ್ಜಿಯನ್ನು ಯಾರೋ ಹಿಂದಕ್ಕೆ ತಳ್ಳಿದ್ದರಂತೆ, ಆಕೆ ಕೋಲು ಊರುತ್ತ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೌಲಾಸಾಬನಿಗೆ ಆ ಗದ್ದಲದಲ್ಲಿ ಬಾಯೇ ಬಿಡಲಾಗಲಿಲ್ಲ. ಪದಕಿ ಮಾಸ್ತರರು ಒಂದು ವಂಶ ಶುರುಮಾಡಿದರು, ಹಿಂದಿನಿಂದ ಯಾರೋ "ಸಾಕ್ ಬಿಡ್ರಿ ಮಾಸ್ತರ" ಎಂದ, ಅವರು ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು ಹೊರಟುಹೋದರು. ಸಂಜೆಗೆ ಉಳಿದವನು ನಾನೊಬ್ಬನೇ. ಗಂಟಲು ಕಟ್ಟಿತ್ತು, ಪಾದದ ಮೇಲೆ ನೀರು ಹರಿಯುತ್ತಿತ್ತು.

ಮರುದಿನ ಯಾರೂ ಬರಲಿಲ್ಲ. ಬಸ್ಸು ಬಂದು ನೋಡಿ ತಿರುಗಿಹೋಯಿತು. ಮಕ್ಕಳಿಗೆ ಹಿಗ್ಗೋ ಹಿಗ್ಗು, ತಾಯಂದಿರಿಗೆ ತಲೆನೋವು. ಹಾಲು ಒಡೆದು ಊರೆಲ್ಲ ಹುಳಿವಾಸನೆ. ಗೌಡರು ಮೊದಲು ನಮ್ಮಲ್ಲಿ ಸೇವಾಭಾವನೆ ಸತ್ತಿದೆ ಎಂದು ಬೈದರು. ಆಮೇಲೆ ತಮ್ಮದೇ ಒಂದು ಭಾಷಣವನ್ನು ಧ್ವನಿಮುದ್ರಿಸಿಕೊಂಡು, ಧ್ವನಿವರ್ಧಕ ಹಚ್ಚಿ, ಸೇತುವೆಯ ಬಾಯಲ್ಲಿಟ್ಟು ಬೆಳಗಿನಿಂದ ಸಂಜೆಯವರೆಗೆ ಹಾಡಿಸಿದರು. ಸೇತುವೆ ಮೊಳಕಾಲುದ್ದ ನೀರಿನ ಕೆಳಗೆ ಹೋಯಿತು. ಕಂಬಿಯ ಮೇಲ್ಭಾಗವಷ್ಟೇ ಕಾಣುತ್ತಿತ್ತು.

ಕೊನೆಗೆ ಗೌಡರು ಕಾಶಕ್ಕನನ್ನು ಕರೆತರೋಣ ನಡೆ ಎಂದು ನನ್ನ ಅಂಗಡಿಗೆ ಬಂದರು. ಅವರಿಗೆ ಹರಿಗೋಲು ನಡೆಸಲು ಬರುವುದಿಲ್ಲ, ನನಗೆ ಬರುತ್ತದೆ. ನದಿ ದಾಟುವವರೆಗೂ ಅವರು ಸಿಟ್ಟಿನಲ್ಲಿ ಮಾತಾಡಿದರು, ನಾನು ಹುಟ್ಟು ಹಾಕಿದೆ. ಸುವರ್ಣಾಳ ಮನೆ ಮುಟ್ಟಿದಾಗ ಕಾಶಕ್ಕ ಹಿತ್ತಲ ಬಚ್ಚಲ ಮುಂದೆ ಕಾಲು ಚಾಚಿ ಕೂತಿದ್ದಳು. ಕಾಲ ಮೇಲೆ ಎಣ್ಣೆ ಮೆತ್ತಿದ ಕೂಸು. ಪಕ್ಕದಲ್ಲಿ ಹಬೆಯಾಡುವ ಹಂಡೆ. ಕೂಸು ಅಳುತ್ತಿತ್ತು, ಆಕೆ ಚಂಬಿನಿಂದ ನೀರು ಹೊಯ್ಯುತ್ತಿದ್ದಳು. ನಮ್ಮನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

"ಕೂಸಿಗೆ ಎರಿಯೋ ಹೊತ್ತಿಗೆ ಬಂದೀರಲ್ಲ. ಅಲ್ಲೇ ಕಟ್ಟಿ ಮ್ಯಾಲ ಕುಂದರ್ರಿ" ಎಂದಳು. ಅಧ್ಯಕ್ಷರು ಹಿತ್ತಲ ಕಟ್ಟೆಯ ಮೇಲೆ ಕೂತರು. ಎರೆದು, ಒರೆಸಿ, ಲೋಬಾನದ ಹೊಗೆ ಹಿಡಿದು, ಬೊಟ್ಟಿಟ್ಟು, ಬಟ್ಟೆಯಲ್ಲಿ ಸುತ್ತಿ, ಕೂಸನ್ನು ಒಳಗೆ ತಾಯಿಯ ಮಗ್ಗುಲಿಗೆ ಹಾಕಿ ಬರುವವರೆಗೆ ಆಕೆ ನಮ್ಮ ಕಡೆ ತಿರುಗಲಿಲ್ಲ. ಗೌಡರು ಕೂತಲ್ಲೇ ಎರಡು ಸಲ ಕೆಮ್ಮಿದರು.

"ಸೇತುವಿ ಮುಳಗಾಕತ್ತೈತಿ ಕಾಶವ್ವ, ನಡಿ ಇನ್ನ" ಎಂದರು.

"ಬಾಣಂತನ ಮುಗಿದಿಲ್ಲ."

"ಊರ ಮಂದಿಗೆ ತ್ರಾಸ ಆಗೇತಿ. ನಿನ್ನಿಂದ."

ಆ ಮಾತಿಗೆ ಕಾಶಕ್ಕನ ಹುಬ್ಬು ಮೇಲೇರಿತು. "ನನ್ನಿಂದೇನ್ರಿ? ನಾ ಬರೇ ಕುಂತಿರಾಕಿ ಅಲ್ಲೇನು? ಕುಂತಾಕಿ ಎದ್ದು ಹೋದ್ರ ಸೇತುವಿ ಯಾಕ ಮುಳಗಬೇಕು? ನಿಮ್ಮ ಹಡದವ್ವ ತೀರಿಕೊಂಡ ದಿನ ನೀವು ಪಾಳಿ ಹಿಡಿದಿದ್ರಿ ನೆಪ್ಪೈತೇನು, ಆವಾಗಿನ್ನೂ ಅಧ್ಯಕ್ಷರಾಗಿರಲಿಲ್ಲ ನೀವು. ಕಣ್ಣೀರು ಒರಿಸ್ಕೊಂತ ಓಡಿದ್ರಿ, ಸೇತುವಿ ಏನಾತು ಅಂತ ಹೊಳ್ಳಿ ನೋಡಲಿಲ್ಲ. ನೋಡೂದು ಬ್ಯಾಡಾಗಿತ್ತು. ಯಾಕಂದ್ರ ನಾ ಇದ್ದೆ. ನನ್ನ ಮಗಳು ನೋವು ತಿನ್ನುವಾಗ ನನಗ ಯಾರಿದ್ರು?"

ನಾನು ಮೆಲ್ಲಗೆ, ಬರುವುದು ಬೇಡ, ಹೇಗೆ ಮಾಡಬೇಕು ಅಷ್ಟಾದರೂ ಹೇಳಿಕೊಡು ಅಕ್ಕಾ ಎಂದೆ. ಆಕೆ ನನ್ನ ಕಡೆಗೂ ಅದೇ ಕಣ್ಣು ಬಿಟ್ಟಳು. "ಹೇಳಂಗಿಲ್ಲ ದುರ್ಗಪ್ಪ. ಹೇಳಿದ್ರ ಇಲ್ಲಿ ಕುಂತೂ ಅದ ಕೆಲಸ ಮಾಡಿದಂಗಾಗತೈತಿ. ಈಗ ನನ್ನ ಕೈಯಾಗ ಕೂಸೈತಿ." ನಮಗೆ ಒಂದೊಂದು ಅಂಟಿನ ಉಂಡಿ ಕೊಟ್ಟಳು, ಚಹಾ ಕುಡಿಸಿದಳು, ಬಾಗಿಲವರೆಗೆ ಬಂದು ಕಳಿಸಿದಳು. ತಾಯವ್ವಜ್ಜಿ ಹೇಗಿದ್ದಾಳೆ ಎಂದು ಕೇಳಲು ಬಾಯಿ ತೆರೆದವಳು ಕೇಳದೆ ಮುಚ್ಚಿಕೊಂಡದ್ದು ನನಗೆ ಕಂಡಿತು.

ತಿರುಗಿ ಬರುವಾಗ ಗೌಡರು ನಡುನೀರಿನಲ್ಲಿ, "ಏನ್ ಸೊಕ್ಕು ನೋಡು" ಎಂದರು. ನನಗೆ ತಡೆಯಲಾಗಲಿಲ್ಲ. ಹರಿಗೋಲನ್ನು ನೇರವಾಗಿ ಮುಳುಗಿದ ಸೇತುವೆಯ ಕಂಬಿಗೆ ತಂದು ಒರಗಿಸಿ, ಮೊಳಕಾಲು ನೀರಿನಲ್ಲಿ ಇಳಿದು ನಿಂತೆ. ಸಿಟ್ಟು ಗೌಡರ ಮೇಲೆ, ಊರಿನ ಮೇಲೆ, ಆ ಮೂಕ ಕಬ್ಬಿಣದ ಮೇಲೆ. ಕಂಬಿ ಹಿಡಿದು ಕೂಗಿದೆ.

"ಕೇಳಿಲ್ಲಿ. ನನ್ನ ಹೇಣ್ತಿ ಸತ್ತಾಗ ನಾ ಅಂಗಡಿ ಬಾಗಿಲಾ ಹಾಕ್ಕೊಂಡು ಒಳಗ ಕುಂತಬಿಟ್ಟಿದ್ದೆ. ಉಣ್ಣಲಿಲ್ಲ, ಯಾರನ್ನೂ ನೋಡಲಿಲ್ಲ. ಮಂದಿ ಬಂದು ಸಮಾಧಾನ ಹೇಳಿ ಹೋದ್ರು. ಕಾಶಕ್ಕ ಸಮಾಧಾನ ಹೇಳಲಿಲ್ಲ. ಯಾರದೋ ಸೈಕಲ್ ತಳ್ಳಿಕೊಂಡು ಬಂದು ಬಾಗಿಲಾ ಬಡದಳು, ಪಂಚರ್ ಆಗೇತಿ ತಗೀ ಅಂದಳು. ತಗದೆ. ಟ್ಯೂಬಿಗೆ ಹಚ್ಚಿದ ಸೊಲ್ಯೂಷನ್ ಆರೂತನಾ ಸುಮ್ನ ಯಾಕ ಕುಂದ್ರತಿ, ಬಾ, ಸೇತುವಿಗೆ ಎರಡು ಮಾತು ಹೇಳು, ಮಧ್ಯಾಹ್ನದಾವ ಬಂದಿಲ್ಲ ಅಂದಳು. ಬಂದೆ. ನಿನಗ ನನ್ನ ಹೇಣ್ತಿ ಹೆಸರು ಹೇಳಿದೆ. ಅವತ್ತಿನಿಂದ ದಿನಾ ಬರಾಕತ್ತೀನಿ. ಆ ಟ್ಯೂಬಿನಾಗಿನ ತೂತು ಮುಳ್ಳಿಂದಲ್ಲ, ದಬ್ಬಣದ್ದು! ನಾ ಪಂಚರ್ ತಗಿಯೋನು, ನನಗ ತಿಳಿಯಂಗಿಲ್ಲೇನು? ಆಕೀನ ಚುಚ್ಚಿದ್ಲು!"

ಕಾಲ ಕೆಳಗೆ ಏನೋ ಅಲುಗಿತು. ಮೊಳಕಾಲ ಮೇಲಿದ್ದ ನೀರು ಮೀನಖಂಡಕ್ಕೆ ಇಳಿಯಿತು. ಹರಿಗೋಲಿನಲ್ಲಿ ಕೂತಿದ್ದ ಗೌಡರ ಬಾಯಿ ತೆರೆದೇ ಇತ್ತು. ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಸೇತುವೆಗೆ ಎಮ್ಮೆಯನ್ನು ಹೇಳಿದ್ದೇವೆ, ಗಾದಿ ಹೇಳಿದ್ದೇವೆ, ಸತ್ತ ರಾಜರನ್ನೆಲ್ಲ ಹೇಳಿದ್ದೇವೆ, ಕಾಶಕ್ಕನನ್ನು ಮಾತ್ರ ಯಾರೂ ಹೇಳಿಲ್ಲ. ಆಕೆ ಹೋದಳು ಎಂಬುದು ಎಲ್ಲರಿಗೂ ಒಂದೇ ಸುದ್ದಿಯಾಗಿತ್ತು. ಆಕೆ ತಮ್ಮನ್ನು ಹೇಗೆ ಕರೆತಂದಳು ಎಂಬುದು ಒಬ್ಬೊಬ್ಬರಿಗೂ ಬೇರೆಯೇ ಇರಬೇಕಲ್ಲ!

ಮರುದಿನ ಬೆಳಿಗ್ಗೆ ನಾನು ಅಂಗಡಿ ತೆಗೆಯಲಿಲ್ಲ, ಮನೆಮನೆ ತಿರುಗಿದೆ. ಆ ಕೆಲಸ ಎಂಥದೆಂದು ಆ ದಿನ ತಿಳಿಯಿತು. ತಾಯವ್ವಜ್ಜಿ ಬಹಳ ಹೊತ್ತು ಬಾಗಿಲು ತೆಗೆಯಲಿಲ್ಲ. ಅವಳು ಬಾಗಿಲು ತೆಗೆಯುವಷ್ಟರಲ್ಲಿ ಮೌಲಾಸಾಬ ಗಾದಿ ತುಂಬಲು ಬೇರೆ ಓಣಿಗೆ ಹೋಗಿದ್ದ. ಅವನನ್ನು ಹುಡುಕಿ ತಂದರೆ ಮಾಸ್ತರರು, "ನನ್ನ ಮಾತು ಬ್ಯಾಡಾದ ಮ್ಯಾಲ ನಾ ಯಾಕ ಬರಲಿ" ಎಂದು ಗೋಡೆ ಕಡೆ ಮುಖ ತಿರುಗಿಸಿ ಕೂತಿದ್ದರು. ಅವರ ಸಿಟ್ಟು ಇಳಿಸಿ ಬರುವಷ್ಟರಲ್ಲಿ, ಎಷ್ಟು ಹೊತ್ತು ಕಾಯಿಸುತ್ತೀ ಎಂದು ಅಜ್ಜಿಯ ಸಿಟ್ಟು ಏರಿತ್ತು. ಸಂಜೆಗೆ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು, ತಲೆ ಗಿರಣಿಯಂತೆ ತಿರುಗುತ್ತಿತ್ತು. ಕಾಶಕ್ಕ ಇದನ್ನು ದಿನವೂ ಮಾಡಿ, ಮೇಲೆ ನಗುತ್ತಲೂ ಇದ್ದಳಲ್ಲ ಎಂದು ನೆನೆದು ಅಳುವೇ ಬಂತು.

ಆದರೂ ಬಂದರು. ಒಬ್ಬರಾದ ಮೇಲೆ ಒಬ್ಬರು ನೀರಿನಲ್ಲಿ ನಿಂತು ಹೇಳಿದರು. ಎಮ್ಮೆ ಕಾಯುವ ಮುದುಕಿಯ ಮಾತು ಯಾರು ಕೇಳುತ್ತಾರೆ ಎಂದು ತಾನು ಮೂಗು ಮುರಿದಾಗ, ಕಾಶಕ್ಕ ಕೊಟ್ಟಿಗೆಯಲ್ಲಿ ಸೆಗಣಿಯ ನಡುವೆ ಕೂತು ಎಮ್ಮೆಯ ಕತೆಯನ್ನು ಬುಡದಿಂದ ತುದಿವರೆಗೆ ಕೇಳಿದ್ದನ್ನು ತಾಯವ್ವಜ್ಜಿ ಹೇಳಿದಳು. ಮೌಲಾಸಾಬ ತೊದಲುತ್ತಾನೆ. ಗಂಡಸರು ನಗುತ್ತಾರೆಂದು ಬಾಯೇ ತೆರೆಯದವನಿಗೆ ಜನ ಓಡಾಡದ ಹೊತ್ತು ಹುಡುಕಿ ಕೊಟ್ಟು, "ಸೇತುವಿಗೆ ಅವಸರ ಇಲ್ಲೋ ಯಪ್ಪಾ, ನೀ ಸಾವಕಾಶ ಹೇಳು" ಎಂದಿದ್ದಳಂತೆ. ಅದನ್ನು ಹೇಳಿ ಮುಗಿಸಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಸೇತುವೆ ಅಷ್ಟೂ ಹೊತ್ತು ಏರುತ್ತಲೇ ಇತ್ತು.

ಮಾಸ್ತರರು ಕನ್ನಡಕ ಹಾಕಿಕೊಂಡು ಬಂದರು. "ನನ್ನ ಮಾತಿಗೆ ನೀ ತೂಕಡಿಸತಿ ಅನ್ನೋದು ನನಗ ಗೊತ್ತದ" ಎಂದು ಸೇತುವೆಗೆ ನೇರವಾಗಿಯೇ ಹೇಳಿದರು. "ನಾನ ಪಾಳಿ ಬಿಡ್ತೀನಿ ಅಂತ ಕಾಶಕ್ಕಗ ಹೇಳಿದ್ದೆ. ಅದಕ್ಕಕಿ, ಮಾಸ್ತರ ಕೇಳ್ರಿ, ಮೌಲಾಸಾಬ ಸೇತುವಿ ಎಬ್ಬಿಸಿ ಹೋಗಿರ್ತಾನ, ಅಷ್ಟೆತ್ತರ ಬಸ್ಸು ಏರಂಗಿಲ್ಲ, ನೀವು ಬಂದು ಸಮ ಮಾಡಬೇಕು, ನಿಮ್ಮ ಬಿಟ್ರ ಯಾರಿಗೂ ಆಗಂಗಿಲ್ಲ ಅಂದಳು. ಅವತ್ತಿನಿಂದ ನಾ ಹೆಮ್ಮೆಯಿಂದ ಬರ್ತೀನಿ." ಮಾಸ್ತರರ ಮಾತಿಗೆ ಸೇತುವೆ ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು. ಅವರೂ ಕಂಡರು, ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹೀಗೆ ದಿನದಿನವೂ ಎದ್ದು ಸೇತುವೆ ಒಣಗಿತು. ಬಸ್ಸು ಬಂತು. ಅದರ ಬೆನ್ನಿಗೇ ಗೌಡರೂ ಬಂದರು. "ಛಲೋ ಆತು. ಇನ್ನ ಆಕಿ ಹೆಸರು ಸಾಕು. ಊರಿನ ಅಭಿವೃದ್ಧಿ ಬಗ್ಗೆ ಹೇಳ್ರಿ. ಊರಸಭೆಗೆ ಒಂದು ಮರ್ಯಾದಿ ಅಂತ ಐತಿಲ್ಲೋ? ಈ ಸರ್ತಿ ಶಾಲು ದೊಡ್ಡಾವು ತರಿಸೇನಿ" ಎಂದರು.

"ಶಾಲು ಬ್ಯಾಡ್ರಿ" ಎಂದೆ ನಾನು.

"ಮತ್ತೇನು ಬೇಕು?"

"ಕಾಶಕ್ಕಗ ಬದ್ಲಿ. ವಾರಕ್ಕೊಮ್ಮೆ ಆಕಿಗೆ ರಜಾ. ಮತ್ತ ಆಕಿ ಮಾಡೂದು ಕೆಲಸ ಅಂತ ಸಭಾದಾಗ ಎದ್ದು ನಿಂತು ಹೇಳಬೇಕು ನೀವು. ಯಾವ ಸಭಾದಾಗ ನಕ್ಕಿದ್ರಿ, ಅದ ಸಭಾದಾಗ."

"ಇಲ್ಲಂದ್ರ?"

ನಾನು ಎಲ್ಲರ ಮುಖ ನೋಡಿದೆ. ಉತ್ತರ ಕೊಟ್ಟವನು ತೊದಲುವ ಮೌಲಾಸಾಬ. "ಇ-ಇಲ್ಲಂದ್ರ ನಾಳಿಂದ ನಾವೆಲ್ಲಾರೂ ಸೇತುವಿಗೆ ನಿಮ್ಮ ಭಾ-ಭಾಷಣ ಹೇಳ್ತೀವ್ರಿ" ಎಂದ. ಗೌಡರ ಮುಖ ಬಿಳಿಚಿತು. ಕಂಬಿಯ ಮೇಲ್ಭಾಗ ಮಾತ್ರ ಕಾಣುತ್ತಿದ್ದ ದಿನವನ್ನು ಅವರು ಮರೆತಿರಲಿಲ್ಲ. ಬದಲಿಗೆ ಯಾರನ್ನು ತರಲಿ, ಯಾರೂ ಸಿಗುವುದಿಲ್ಲವಲ್ಲ ಎಂದು ಗೊಣಗಿದರು. ತಾಯವ್ವಜ್ಜಿ ಕೋಲು ಊರಿಕೊಂಡು ಮುಂದೆ ಬಂದಳು. "ಬರೇ ಕುಂದ್ರೂ ಕೆಲಸ ಅಂದಿದ್ದೆಲ್ಲೋ ವಿರೂಪಾಕ್ಷಿ? ನಿನಗ ಕುಂದ್ರಾಕ ಭಾಳ ಛಲೋ ಬರತೈತಿ. ನೀನ ಕುಂದ್ರು" ಎಂದಳು.

ಬಾಣಂತನ ಮುಗಿಸಿ ಕಾಶಕ್ಕ ಬಂದ ಬೆಳಿಗ್ಗೆ ನಾವೆಲ್ಲ ಸೇತುವೆಯ ಬಾಯಲ್ಲಿ ಕಾದಿದ್ದೆವು. ಆಕೆಯನ್ನು ಕರೆಯಲು ಗೌಡರು ಮತ್ತೆ ಯಾರನ್ನೂ ಕಳಿಸಿರಲಿಲ್ಲ, ಕಳಿಸಲು ನಾವು ಬಿಟ್ಟಿರಲಿಲ್ಲ. ಗೌಡರು ಆ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಸಣ್ಣ ದನಿಯಲ್ಲಿ ಹೇಳಿದರೆಂದು ತಾಯವ್ವಜ್ಜಿ ಇನ್ನೊಮ್ಮೆ ಹೇಳಿಸಿದ್ದಳು. ಆದರೂ ಅವರಿಗೆ ಸಮಾಧಾನವಿರಲಿಲ್ಲ, ಕೈಯಲ್ಲೊಂದು ಜರಿಯಂಚಿನ ಶಾಲು ಹಿಡಿದು ನಿಂತಿದ್ದರು. ಕಾಶಕ್ಕ ಗಂಟು ಇಳಿಸಿ, ನಮ್ಮನ್ನೆಲ್ಲ ಒಂದು ಸುತ್ತು ನೋಡಿ, ಹಳೆಯ ರೂಢಿಯಂತೆ "ಪಾಳಿ ಯಾರದು ಇವತ್ತು?" ಎಂದಳು.

"ಚೌಕಿ ಪಾಳಿ ಅಧ್ಯಕ್ಷರದು. ಇವತ್ತು ನಿನ್ನ ರಜಾ" ಎಂದೆ.

ಕಾಶಕ್ಕ ಗೌಡರ ಕಡೆ ತಿರುಗಿದಳು. "ಪಾಳಿ ಬಿಟ್ಟು ಶಾಲು ಹಿಡಕೊಂಡು ಯಾಕ ನಿಂತೀರಿ? ತಾಯವ್ವಜ್ಜಿ ಚಹಾ ಕುಡದಾಳೇನು ಕೇಳಿದ್ರೇನು? ಮುಂದಿನಾಂವ ಯಾರು, ಎದ್ದಾನೋ ಇಲ್ಲೋ ನೋಡಿ ಬಂದ್ರೇನು? ಹೋಗ್ರಿ, ಹೋಗ್ರಿ" ಎಂದಳು. ಗೌಡರು ಶಾಲನ್ನು ಏನು ಮಾಡುವುದೆಂದು ತಿಳಿಯದೆ ಅದನ್ನೇ ಹೆಗಲಿಗೆ ಹಾಕಿಕೊಂಡು ಚೌಕಿಗೆ ನಡೆದರು. ಸ್ಟೂಲು ಅವರಿಗೆ ಬಹಳ ಸಣ್ಣದಾಯಿತು.

ಕಾಶಕ್ಕ ಮನೆಗೆ ಹೋಗುತ್ತಾಳೆಂದು ನಾವು ತಿಳಿದಿದ್ದೆವು. ಆಕೆ ಬಂದ ದಾರಿಯಲ್ಲೇ ತಿರುಗಿ ಸೇತುವೆಯ ನಡುಮಧ್ಯಕ್ಕೆ ಹೋದಳು. ಸೆರಗಿನಿಂದ ಕಂಬಿ ಒರೆಸಿದಳು, ಕೈಯಿಟ್ಟಳು. ಆಮೇಲೆ, ಎಲ್ಲರನ್ನೂ ಕರೆದು ಕರೆದು ಒರಟಾಗಿದ್ದ ಆ ದನಿಯಲ್ಲಿ, "ನನಗ ಮೊಮ್ಮಗಳು ಹುಟ್ಯಾಳ" ಎಂದು ಶುರುಮಾಡಿದಳು. ಸೇತುವೆ ಎದ್ದಿತು ನೋಡಿ! ಗೇಣಲ್ಲ, ಮೊಳವಲ್ಲ, ಆಳೆತ್ತರ. ನಾವು ದಂಡೆಯಲ್ಲಿ ನಿಂತು ಕತ್ತೆತ್ತಿ ನೋಡಬೇಕಾಯಿತು.

ಅಷ್ಟರಲ್ಲಿ ಬಸ್ಸು ಬಂತು. ಡ್ರೈವರು ಮೇಲೆ ನೋಡಿದ, ಹಾರ್ನು ಹೊಡೆದ, ಆಮೇಲೆ ಕೆಳಗಿಳಿದು ಬೈಯತೊಡಗಿದ. ಗೌಡರು ಚೌಕಿಯಿಂದ ಹೊರಗೋಡಿ ಬಂದು, "ಪದಕಿ ಮಾಸ್ತರರನ್ನ ಕರೀರಿ, ಲಗೂನ ಕರೀರಿ!" ಎಂದು ನನಗೆ ಕೂಗಿದರು. ನಾನು ಅಲ್ಲೇ ಅಂಗಡಿಯ ಮುಂದೆ ಕೂತು ಟ್ಯೂಬಿಗೆ ಗಾಳಿ ಹಾಕತೊಡಗಿದೆ. "ಕರಿಯೋ ಕೆಲಸ ನಿಮ್ದ್ರಿ ಸಾಹೇಬ್ರ" ಎಂದೆ. ಗೌಡರು ಧೋತರ ಎತ್ತಿ ಕಟ್ಟಿ, ಜರಿಯಂಚಿನ ಶಾಲು ಹಾರಿಸಿಕೊಂಡು ಮಾಸ್ತರರ ಓಣಿಯ ಕಡೆ ಓಡಿದರು. ಓಡಲಿ, ಮಾಸ್ತರರು ಮನೆಯಲ್ಲಿರಲಿಲ್ಲ. ನಮ್ಮ ಜೊತೆಯಲ್ಲೇ ನಿಂತಿದ್ದರು, ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತ. ಇಳಿಸಬೇಡಿ ಮಾಸ್ತರ ಎಂದು ಯಾರೂ ಅವರಿಗೆ ಹೇಳಬೇಕಾಗಲಿಲ್ಲ. ಬಸ್ಸು ಕಾಯಿತು, ಹಾಲು ಕಾಯಿತು, ಊರು ಕಾಯಿತು. ಕೂಸಿನ ನೆತ್ತಿಯ ಕೂದಲಿನಿಂದ ಶುರುಮಾಡಿದ್ದ ಕಾಶಕ್ಕ ಇನ್ನೂ ಕಿವಿಯವರೆಗೆ ಬಂದಿದ್ದಳಷ್ಟೆ.